ಗೆರೆಯಿಲ್ಲದ ಹೆಬ್ಬೆಟ್ಟು

ಶೈಲಶ್ರೀಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡಬೇಕು. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ನಾನು ಒಳ್ಳೆಯವಳಾಗಿರಲಿಲ್ಲ.

ಕಲಘಟಗಿಯ ಕಾಲೇಜಿನಲ್ಲಿ ಮೂರು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. ಸರ್ ಪ್ರಶ್ನೆ ಕೇಳಿದರೆ ಉತ್ತರವನ್ನು ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯುತ್ತಿದ್ದೆ. ಅವಳು ಅದನ್ನು ನೋಡಿಕೊಂಡು ಎದ್ದುನಿಂತು ಹೇಳುತ್ತಿದ್ದಳು. ಶಾಬಾಸ್‌ಗಿರಿ ಅವಳಿಗೆ. ನನಗೆ ಸಿಟ್ಟು ಬರುತ್ತಿತ್ತು, ಆದರೂ ಮರುದಿನ ಮತ್ತೆ ಅಂಚಿನಲ್ಲೇ ಬರೆಯುತ್ತಿದ್ದೆ. ಎದ್ದುನಿಂತರೆ ನನಗೆ ಮಾತು ಹೊರಡುತ್ತಿರಲಿಲ್ಲ.

ಅವಳ ಅಪ್ಪ ಮಡಿವಾಳೆಪ್ಪನವರದು ನಮ್ಮೂರಿನಲ್ಲಿ ಬಣ್ಣದ ತೊಟ್ಟಿಲು ಮಾಡುವ ಶೆಡ್ಡು. ದುಮ್ಮವಾಡದ ರಸ್ತೆಗೆ ಹತ್ತಿಕೊಂಡೇ ಇದೆ. ನನ್ನ ಅಮ್ಮಿ ಹಲೀಮಾಬಿ ಅಲ್ಲಿ ಇಪ್ಪತ್ತಾರು ವರ್ಷದಿಂದ ಬಣ್ಣ ಹಚ್ಚುತ್ತಿದ್ದಳು. ಅಬ್ಬಾ ನಾನು ಎಂಟನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡರು. ಆಮೇಲೆ ಮನೆಯಲ್ಲಿ ನಾವಿಬ್ಬರೇ.

ಅಮ್ಮಿಯ ಕೆಲಸ ಹೀಗೆ. ತೊಟ್ಟಿಲಿನ ಕಟ್ಟಿಗೆಯ ಕಂಬಿಯನ್ನು ಯಂತ್ರಕ್ಕೆ ಸಿಗಿಸುತ್ತಾರೆ. ಅದು ಗರಗರ ತಿರುಗುತ್ತದೆ. ಅರಗಿನ ಬಣ್ಣದ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯಬೇಕು. ತಿಕ್ಕಾಟದ ಕಾವಿಗೆ ಅರಗು ಕರಗಿ ಕಟ್ಟಿಗೆಗೆ ಹತ್ತುತ್ತದೆ. ಹತ್ತಿದ್ದು ಗಂಟುಗಂಟಾಗದಂತೆ ಬಿಸಿಯಿರುವಾಗಲೇ ಹೆಬ್ಬೆರಳಿನಿಂದ ತೀಡಬೇಕು. ಬೇರೆಯವರು ಬಟ್ಟೆ ಸುತ್ತಿಕೊಂಡು ತೀಡುತ್ತಾರೆ. ಅಮ್ಮಿ ಬರಿಗೈಯಲ್ಲಿ ತೀಡುತ್ತಾಳೆ. ಬಟ್ಟೆಗೆ ಬಣ್ಣ ಗೊತ್ತಾಗುವುದಿಲ್ಲ ಎನ್ನುತ್ತಾಳೆ. ಆಮೇಲೆ ಕೇದಗಿ ಎಲೆ ಒತ್ತಿ ಹೊಳಪು ತರಬೇಕು. ದಿನಕ್ಕೆ ನಲವತ್ತು ಕಂಬಿ. ಸಂಜೆ ಅವಳು ಬಿಸಿ ರೊಟ್ಟಿ ಮುರಿಯುವಾಗ ಬೆರಳಿಗೆ ಕಾವು ತಾಗಿದ್ದು ಅವಳಿಗೇ ತಿಳಿಯುವುದಿಲ್ಲ.

ಹೀಗಾಗಿ ಅವಳ ಹೆಬ್ಬೆರಳಿನಲ್ಲಿ ಗೆರೆಗಳಿಲ್ಲ. ಬೆಣಚುಕಲ್ಲಿನ ಹಾಗೆ ನುಣ್ಣಗಿದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಬಂದ ಮೊದಲ ತಿಂಗಳು ಅಮ್ಮಿ ಹನ್ನೊಂದು ಸಲ ಒತ್ತಿದಳು. ಹನ್ನೊಂದು ಸಲವೂ ಕೆಂಪು ದೀಪ. ಸೋಪು ಹಚ್ಚಿ ತೊಳೆದುಕೊಂಡು ಬಾ ಎಂದರು. ಎಣ್ಣೆ ಒರೆಸಿಕೋ ಎಂದರು. ಪಾಳಿಯಲ್ಲಿ ನಿಂತವರು ನಕ್ಕರು. ಇವಳು ಇದ್ದಾಳೋ ಸತ್ತಾಳೋ ಯಂತ್ರಕ್ಕೇ ಗೊತ್ತಿಲ್ಲ ಎಂದು ಒಬ್ಬ ಅಂದ. ಅವತ್ತಿನಿಂದ ನಾನು ಹೋಗತೊಡಗಿದೆ. ಕಾರ್ಡಿನಲ್ಲಿ ನನ್ನ ಹೆಸರೂ ಇದೆ. ನನ್ನ ಹೆಬ್ಬೆಟ್ಟಿಗೆ ಹಸಿರು ದೀಪ ಹತ್ತುತ್ತದೆ. ಅಮ್ಮಿಯ ಹೆಬ್ಬೆಟ್ಟು ಬೇಕು ಎಂದು ಯಾರಾದರೂ ಅಂದರೆ ನನ್ನ ಕೈ ತಾನೇ ಮುಂದೆ ಹೋಗುವುದು ಹೀಗೆ ರೂಢಿಯಾಯಿತು.

ಡಿಗ್ರಿ ಮುಗಿದ ಮೇಲೆ ನಾನು ಮನೆಯಲ್ಲಿ ಕೂತು ಪರೀಕ್ಷೆಗಳಿಗೆ ಓದಿದೆ. ಶೈಲಶ್ರೀ ತೊಟ್ಟಿಲಿನ ರೀಲ್ಸ್ ಪೇಜ್ ಮಾಡಿದಳು. ಮೊದಲು ಬರೇ ತೊಟ್ಟಿಲು ತೋರಿಸುತ್ತಿದ್ದಳು. ಆಮೇಲೆ ತನ್ನ ಮುಖ. ಆಮೇಲೆ ಇಳಕಲ್ ಸೀರೆ ಉಟ್ಟುಕೊಂಡು ಅರಗಿನ ಕಡ್ಡಿ ಹಿಡಿದ ತನ್ನ ಕೈ. ಆ ಕೈ ಒಂದು ಕಂಬಿಗೂ ಬಣ್ಣ ಹಚ್ಚಿದ್ದಲ್ಲ. ಮಂದಿ ಮೆಚ್ಚಿದರು. ಪುಣೆ, ಬೆಂಗಳೂರಿನಿಂದ ಆರ್ಡರ್ ಬಂದವು. ನಾನು ಅವಳ ಒಂದೊಂದು ವಿಡಿಯೋವನ್ನೂ ನೋಡುತ್ತಿದ್ದೆ. ಒಮ್ಮೆಯೂ ಲೈಕ್ ಒತ್ತಲಿಲ್ಲ. ಅವಳು ಹೇಳುವ ಮಾತು ನಾನಾಗಿದ್ದರೆ ಹೇಗೆ ಹೇಳುತ್ತಿದ್ದೆ ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಡೈರಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತೇನೆ. ಅದನ್ನು ಬೇರೆಯವರು ಓದಿದರೆ ನಾನು ಊರು ಬಿಟ್ಟೇನು.

ಫೆಬ್ರುವರಿಯ ಒಂದು ಮಧ್ಯಾಹ್ನ ಶೈಲಶ್ರೀ ಸ್ಕೂಟಿಯಲ್ಲಿ ನಮ್ಮ ಮನೆಗೆ ಬಂದಳು. ಅಮ್ಮಿ ಶೆಡ್ಡಿನಲ್ಲಿದ್ದಳು. ಶೈಲಶ್ರೀ ಕಟ್ಟೆಯ ಮೇಲೆ ಕೂತು ಒಂದು ಹಾಳೆ ತೆಗೆದಳು. ಶೆಡ್ಡಿನ ಕೆಲಸಗಾರರ ಮೇಲೆ ವಿಡಿಯೋ ಮಾಡುತ್ತಿದ್ದೇನೆ, ಅದಕ್ಕೆ ಒಪ್ಪಿಗೆ ಪತ್ರ ಬೇಕು, ಅಮ್ಮಿಯ ಹೆಬ್ಬೆಟ್ಟು ಕಾಗದದ ಮೇಲೆ ಮೂಡುತ್ತಲೇ ಇಲ್ಲ ಎಂದಳು. ನಾನು ಹಾಳೆ ಓದಿದೆ. ಪೂರ್ತಿ ಓದಿದೆ. ನನ್ನ ಚಿತ್ರ, ನನ್ನ ದನಿ, ನನ್ನ ಮಾತು, ಎಲ್ಲವನ್ನೂ ಹೇಗೆ ಬೇಕಾದರೂ ಬಳಸಿಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇದೆ ಎಂದು ಬರೆದಿತ್ತು. ಕೆಳಗೆ ಅಮ್ಮಿಯ ಹೆಸರು. ಹೆಸರಿನ ಬಾಜೂಕೆ ಖಾಲಿ ಜಾಗ.

"ರೇಷನ್ ಅಂಗಡ್ಯಾಗ ಯಾರ್ ಕೊಡ್ತೀರಿ?" ಶೈಲಶ್ರೀ ಕೇಳಿದಳು.

"ನಾನ."

"ಹಂಗಾರ ಇಲ್ಲೂ ನೀನ ಕೊಡು. ಅದರಾಗೇನೈತಿ?"

ನಾನು ಹಾಳೆಯನ್ನು ಮತ್ತೆ ಮೊದಲಿನಿಂದ ಓದತೊಡಗಿದೆ. ಅವಳು ನನ್ನ ಮುಖ ನೋಡಿದಳು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೆ ನನ್ನ ದುರ್ಬಲ ನರ ಎಲ್ಲಿದೆ ಎಂದು ಗೊತ್ತಿತ್ತು.

"ಮುಂದಿನ ವಿಡಿಯೋಕ್ಕ ಮಾತು ನೀ ಬರಿ. ಕೆಳಗ ನಿನ್ನ ಹೆಸರು ಹಾಕತೀನಿ. ಬರದಾಕಿ ನಾಜಮೀನ್ ಅಂತ."

ನಾನು ಹೆಬ್ಬೆಟ್ಟು ಒತ್ತಿದೆ. ಗೆರೆಗಳೆಲ್ಲ ಚಂದಾಗಿ ಮೂಡಿದವು. ಶೈಲಶ್ರೀ ಊದಿ ಆರಿಸಿಕೊಂಡು ಹೋದಳು. ಸಂಜೆ ಅಮ್ಮಿಗೆ ಹೇಳಲಿಲ್ಲ. ಹೇಳುವಂಥದೇನಿದೆ ಎಂದುಕೊಂಡೆ. ಡೈರಿಯಲ್ಲಿ ನನ್ನ ಹೆಸರನ್ನು ಪರದೆಯ ಮೇಲೆ ಬರುವ ಹಾಗೆ ದೊಡ್ಡದಾಗಿ ನಾಲ್ಕು ಸಲ ಬರೆದೆ.

ಮೂರು ವಾರದ ಮೇಲೆ ಒಂದು ಅರ್ಜಿ ಹಾಕಲು ಹುಬ್ಬಳ್ಳಿಗೆ ಹೊರಟಿದ್ದೆ. ಕಲಘಟಗಿಯಲ್ಲಿ ಬಸ್ಸು ಹತ್ತಿದೆ. ಮುಂದಿನ ಸೀಟಿನ ಹೆಂಗಸು ಫೋನು ನೋಡುತ್ತಿದ್ದಳು. ಆ ಫೋನಿನಿಂದ ಅಮ್ಮಿಯ ದನಿ ಬಂತು.

ಬಗ್ಗಿ ನೋಡಿದೆ. ಅಮ್ಮಿ ಶೆಡ್ಡಿನಲ್ಲಿ ನೆಲದ ಮೇಲೆ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಗಿಸಿದ್ದಳು. ಮೊಣಕಾಲಿನವರೆಗೆ ಸೀರೆ ಎತ್ತಿಕೊಂಡಿದ್ದಳು, ಕಂಬಿ ತಿಕ್ಕುವಾಗ ಹಾಗೇ ಕೂರಬೇಕು. ಅವಳ ಕಣ್ಣು ಕ್ಯಾಮೆರಾ ಕಡೆ ಇರಲಿಲ್ಲ. ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿದ್ದಳು. ಈಗಿರುವ ಮಗಳಿಗಿಂತ ಮೊದಲು ಮೂರು ಕೂಸು ಹೆತ್ತೆ, ಒಂದೂ ಉಳಿಯಲಿಲ್ಲ, ಮೊದಲಿನ ಎರಡು ಅಳಲೇ ಇಲ್ಲ, ಮೂರನೆಯದು ಹನ್ನೊಂದು ದಿನ ಇತ್ತು ಎಂದಳು. ಅದರ ಹೆಸರು ನಾಜಮೀನ್ ಎಂದು ಇಟ್ಟಿದ್ದೆವು, ಹೆಸರು ಹಾಳಾಗಬಾರದು ಎಂದು ಮುಂದೆ ಹುಟ್ಟಿದ ಇವಳಿಗೂ ಅದನ್ನೇ ಇಟ್ಟೆ ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ಪಿಟೀಲು ಬಾರಿಸಿದ ಸದ್ದು. ಮೇಲೆ ದಪ್ಪಕ್ಷರ: ತೊಟ್ಟಿಲು ಮಾಡುವ ತಾಯಿಯ ತೊಟ್ಟಿಲು ಖಾಲಿ. ನಾಲ್ಕು ಲಕ್ಷ ಜನ ನೋಡಿದ್ದರು.

ಫೋನಿನವಳು ಕಣ್ಣೊರೆಸಿಕೊಂಡಳು. ಮುಂದಿನ ವಿಡಿಯೋಕ್ಕೆ ಹೋದಳು. ಅದು ಉಪ್ಪಿಟ್ಟು ಮಾಡುವುದು.

ನನಗೆ ಮೊದಲು ಬಂದದ್ದು ಅಳು ಅಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಮ್ಮಿಯ ಮೇಲೆ ಹೊಟ್ಟೆಕಿಚ್ಚು ಬಂತು. ನನ್ನ ಹೆಸರು ಬರಬೇಕಾದ ಕಡೆ ಅವಳು ಬಂದಿದ್ದಳು. ಆಮೇಲೆ ಶೈಲಶ್ರೀಯ ಮೇಲೆ. ಇಪ್ಪತ್ತಮೂರು ವರ್ಷ ನನಗೆ ಹೇಳದ ಮಾತನ್ನು ಅಮ್ಮಿ ಅವಳಿಗೆ ಹೇಳಿದ್ದಳು. ಆಮೇಲೆ ಆ ಹನ್ನೊಂದು ದಿನದ ಕೂಸಿನ ಮೇಲೆ. ಹೆಸರು ಮೊದಲು ಅದರದು. ನಾನು ಎರಡನೆಯವಳು. ಪರದೆಯ ಮೇಲೆ ನಾಜಮೀನ್ ಎಂಬ ಹೆಸರು ಬಂದಿತ್ತು ನಿಜ. ಅದು ನಾನಾಗಿರಲಿಲ್ಲ.

ಹುಬ್ಬಳ್ಳಿಗೆ ಹೋಗಲಿಲ್ಲ. ಮಿಶ್ರಿಕೋಟಿಯಲ್ಲಿ ಇಳಿದು ಮರಳಿ ಬಂದೆ.

ಅಮ್ಮಿಗೆ ವಿಡಿಯೋ ತೋರಿಸಿದೆ. ಅವಳು ಎರಡು ಸಲ ನೋಡಿದಳು. ಪರದೆಯಲ್ಲಿನ ತನ್ನ ಮೊಣಕಾಲಿನ ಮೇಲೆ ಬೆರಳಿಟ್ಟು ಮುಚ್ಚಲು ನೋಡಿದಳು. ಪರದೆ ಸರಿದು ಮತ್ತೆ ಮೊದಲಿನಿಂದ ಶುರುವಾಯಿತು.

"ನಾ ಆಕೀಗೆ ಹೇಳಿದ್ದೆ," ಅಂದಳು. "ಫೋನಿಗೆ ಹೇಳಿದ್ದಿಲ್ಲ."

ಫೋನು ಅರಗಿನ ಕಡ್ಡಿಯ ಡಬ್ಬಿಯಲ್ಲಿ ನಿಂತಿತ್ತಂತೆ. ಶೈಲಶ್ರೀ ಬಾಜೂಕೆ ಕೂತು, ಅಕ್ಕನಿಗೆ ಗರ್ಭ ನಿಲ್ಲುತ್ತಿಲ್ಲ ಎಂದು ಅತ್ತಳಂತೆ. ಅವಳ ಸಮಾಧಾನಕ್ಕೆ ಅಮ್ಮಿ ತನ್ನ ಕತೆ ಹೇಳಿದ್ದಳು. ಶೈಲಶ್ರೀಗೆ ಅಕ್ಕ ಇಲ್ಲ. ಅದು ಅಮ್ಮಿಗೂ ಗೊತ್ತಿತ್ತು, ಚಿಕ್ಕಪ್ಪನ ಮಗಳಿರಬೇಕು ಎಂದುಕೊಂಡಳಂತೆ.

ಖಾಲಿ ತೊಟ್ಟಿಲು ತೂಗಬಾರದು ಎನ್ನುವ ಮಂದಿ ನಮ್ಮ ಸೀಮೆಯವರು. ಚೊಚ್ಚಲ ಬಾಣಂತಿಗೆ ತವರಿನಿಂದ ಬಣ್ಣದ ತೊಟ್ಟಿಲು ಹೋಗಬೇಕು. ಅದನ್ನು ಮೂರು ಕೂಸು ಕಳಕೊಂಡವಳು ಮುಟ್ಟಿದ್ದಾಳೆ ಎಂದು ಗೊತ್ತಾದರೆ ಯಾರು ಒಯ್ಯುತ್ತಾರೆ? ವಿಡಿಯೋ ನೋಡಿದ ಪುಣೆಯವರು ಅತ್ತು ಆರ್ಡರ್ ಕೊಟ್ಟರು. ಕೊಟ್ಟು, ಆ ಹೆಂಗಸಿನ ಕೈಯಿಂದ ಮಾತ್ರ ಬೇಡ ಎಂದು ಬರೆದರು. ಕುಂದಗೋಳದ ಒಂದು ಮನೆಯವರು ಒಯ್ದ ತೊಟ್ಟಿಲನ್ನು ಟ್ರ್ಯಾಕ್ಸ್ ಗಾಡಿಯಲ್ಲಿ ತಂದು ಶೆಡ್ಡಿನ ಮುಂದೆ ಇಳಿಸಿ ಹೋದರು.

ಮಡಿವಾಳೆಪ್ಪ ಅಮ್ಮಿಯನ್ನು ಕರೆದು ಇನ್ನು ಮೇಲೆ ಬಣ್ಣ ಮುಟ್ಟಬೇಡ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅಮ್ಮಿಗೆ ಹಿಂದಿನ ತಗಡಿನ ಚಪ್ಪರದಲ್ಲಿ ಜಾಗ ಕೊಟ್ಟರು. ಕೈಗೆ ಉಸುಕಿನ ಕಾಗದ ಕೊಟ್ಟರು. ಕುಂದಗೋಳದಿಂದ ಮರಳಿ ಬಂದ ತೊಟ್ಟಿಲನ್ನು ಮುಂದಿಟ್ಟರು. ಬಣ್ಣವನ್ನೆಲ್ಲ ತಿಕ್ಕಿ ತೆಗೆಯಬೇಕು, ಬೇರೆ ಹೆಂಗಸು ಹೊಸದಾಗಿ ಹಚ್ಚುತ್ತಾಳೆ.

ತನ್ನ ಬಣ್ಣವನ್ನು ತಾನೇ ಕೆರೆಯುವುದಕ್ಕೆ ಅಮ್ಮಿಗೆ ಆರು ದಿನ ಹಿಡಿಯಿತು. ನಾನು ಬುತ್ತಿ ಒಯ್ದಾಗ ನೋಡಿದೆ. ತಗಡಿನ ಕಾವಿಗೆ ಬೆವರು ಗದ್ದದಿಂದ ಇಳಿಯುತ್ತಿತ್ತು. ಕೆಂಪು, ಹಳದಿ, ಹಸಿರು ಪುಡಿ ಅವಳ ಹುಬ್ಬಿನ ಮೇಲೆ, ಹಲ್ಲಿನ ಸಂದಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಕೂತಿತ್ತು. ಕೆಮ್ಮಿದರೆ ಉಗುಳು ಹಸಿರಾಗಿ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಶೈಲಶ್ರೀ ಹೊಸ ಹೆಂಗಸರಿಗೆ ಒಂದೇ ಬಣ್ಣದ ಸೀರೆ ಉಡಿಸಿ ವಿಡಿಯೋ ಮಾಡುತ್ತಿದ್ದಳು. ಕೆಮ್ಮು ಕೇಳಿಸುತ್ತದೆ, ಸ್ವಲ್ಪ ತಡೆದುಕೋ ಎಂದು ಅಮ್ಮಿಗೆ ಹೇಳಿ ಕಳಿಸಿದಳು. ಅಮ್ಮಿ ಸೆರಗನ್ನು ಬಾಯಲ್ಲಿ ತುರುಕಿಕೊಂಡಳು.

ಅವತ್ತು ಶೈಲಶ್ರೀಯನ್ನು ರಸ್ತೆಯಲ್ಲಿ ನಿಲ್ಲಿಸಿ ವಿಡಿಯೋ ತೆಗೆದುಹಾಕು ಎಂದೆ. ಅಷ್ಟು ಹೇಳಲು ಮನೆಯಿಂದ ಪಾಠ ಮಾಡಿಕೊಂಡು ಹೋಗಿದ್ದೆ. ನಾಲ್ಕು ಲಕ್ಷ ಮಂದಿ ನಿಮ್ಮ ಅಮ್ಮಿಗಾಗಿ ಅತ್ತಿದ್ದಾರೆ, ಅವಳಿಗೆ ಅಷ್ಟು ಮರ್ಯಾದೆ ಯಾವಾಗ ಸಿಕ್ಕಿತ್ತು ಎಂದಳು.

"ಒಪ್ಪಿಗಿ ಪತ್ರ ಐತಿ ನನ್ನ ಕಡೆ. ಅದರ ಮ್ಯಾಲ ಯಾರ ಹೆಬ್ಬಟ್ಟೈತಿ, ನಿನಗ ಗೊತ್ತೈತಿ," ಅಂದಳು. "ನಿನಗ ಮೊದಲಿಂದ ಹೊಟ್ಟಿಕಿಚ್ಚು, ನಾಜು. ಖರೆ ಹೇಳು."

ಖರೆ. ಅದಕ್ಕೇ ಪಾಠ ಮಾಡಿದ್ದನ್ನು ಅಲ್ಲೇ ಬಿಟ್ಟು ಮನೆಯ ದಾರಿ ಹಿಡಿದೆ.

ಆ್ಯಪ್‌ನವರಿಗೆ ದೂರು ಬರೆದೆ. ವಿಡಿಯೋದಲ್ಲಿ ಇರುವುದು ನೀವೇ ಏನು ಎಂದು ಆ್ಯಪ್ ಕೇಳಿತು. ಅಲ್ಲ ಎಂದು ಒತ್ತಿದೆ. ಇದು ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ ಎಂದು ಉತ್ತರ ಬಂತು. ರಾಜ್ಯಶಾಸ್ತ್ರದ ನೋಟ್ಸ್ ತೆಗೆದೆ. ಖಾಸಗಿತನ ಮೂಲಭೂತ ಹಕ್ಕು, ಇಪ್ಪತ್ತೊಂದನೇ ಕಲಂ ಎಂದು ನಾನೇ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬಂದಿತ್ತು.

ಅಮ್ಮಿಯನ್ನು ಠಾಣೆಗೆ ಕರಕೊಂಡು ಹೊರಟೆ. ಅವಳಿಗೆ ಮನಸ್ಸಿರಲಿಲ್ಲ. ಮಾತು ಹೊರಗೆ ಬಿದ್ದಿದೆ, ಇನ್ನು ಪೊಲೀಸರು ಅದನ್ನು ಒಳಗೆ ಹಾಕುತ್ತಾರೇನು ಎಂದಳು. ಕಾಯ್ದೆ ಇದೆ ಅಮ್ಮಿ ಎಂದೆ. ಹೆಬ್ಬೆಟ್ಟಿನ ವಿಷಯ ಹೇಳಲಿಲ್ಲ. ಅದು ಖೊಟ್ಟಿ ಎಂದು ಶೈಲಶ್ರೀಗೂ ಗೊತ್ತು, ಅವಳು ಆ ಕಾಗದ ಹೊರಗೆ ತೆಗೆಯುವುದಿಲ್ಲ ಎಂದುಕೊಂಡಿದ್ದೆ.

ಠಾಣೆಯವರು ಅಪ್ಪ-ಮಗಳನ್ನು ಕರೆಸಿದಾಗ ಅವಳು ಅದನ್ನೇ ಮೊದಲು ತೆಗೆದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದಳು.

ಠಾಣೆಯಲ್ಲಿ ಇದ್ದದ್ದು ಹೆಡ್ ಕಾನ್‌ಸ್ಟೇಬಲ್ ಶಿವಗಂಗಾ. ಅಮ್ಮಿಗೆ ಕೂರಲು ಕುರ್ಚಿ ಕೊಟ್ಟಿದ್ದರು, ಅಮ್ಮಿ ಅದರ ಅಂಚಿಗೆ ಕೂತಿದ್ದಳು. ಮಡಿವಾಳೆಪ್ಪ ಒಳ್ಳೆಯ ಮಾತಿನಲ್ಲಿ ಮುಗಿಸೋಣ ಎಂದರು. ಹಲೀಮಾಬಿ ನಾಳೆಯಿಂದ ಮತ್ತೆ ಬಣ್ಣಕ್ಕೆ ಬರಲಿ. ಒಂದು ವಿಡಿಯೋ ಮಾಡೋಣ. ಯಜಮಾನರು ನನ್ನನ್ನು ಚಂದ ನೋಡಿಕೊಂಡಿದ್ದಾರೆ, ನನಗೆ ಯಾರ ಮೇಲೂ ತಕರಾರಿಲ್ಲ ಎಂದು ಅವಳು ನಗುತ್ತ ಹೇಳಲಿ. ಅಷ್ಟು ಸಾಕು.

ಅಮ್ಮಿಯ ಕಣ್ಣು ಬಣ್ಣ ಎಂದ ಕೂಡಲೇ ಮೇಲೆ ಎದ್ದದ್ದನ್ನು ನಾನು ನೋಡಿದೆ.

"ಮತ್ತ ಆ ಹಳೇದು, ಯಜಮಾನ್ರ?" ಅಮ್ಮಿ ಕೇಳಿದಳು. "ನನ್ನ ಕೂಸುಗಳದ್ದು?"

"ಅದಿರಲಿ ಬಿಡವಾ. ಎಲ್ಲಾರೂ ನೋಡ್ಯಾರ. ಈಗ ತಗದ್ರ ಏನ್ ಬಂತು?"

ಶಿವಗಂಗಾ ಕಾಗದ ಓದಿದರು. ಒಪ್ಪಿಗೆ ಬರೆದುಕೊಟ್ಟಿದ್ದರೆ ನಾನು ದೂರು ಏನೆಂದು ಬರೆಯಲಿ ಎಂದರು. ಕಾಗದವನ್ನು ಅಮ್ಮಿಯ ಮುಂದೆ ಸರಿಸಿದರು.

"ಯವ್ವಾ, ಇದು ನಿಂದ ಹೌದಲ್ಲ?"

ಅಮ್ಮಿಗೆ ಅಕ್ಷರ ಬರುವುದಿಲ್ಲ. ನೀಲಿ ಮಸಿಯ ಗುರುತನ್ನು ಬಹಳ ಹೊತ್ತು ನೋಡಿದಳು. "ನನ್ನ ಯಾರೂ ಕೇಳಿಲ್ರಿ, ನಾ ಎಲ್ಲೂ ಒತ್ತಿಲ್ರಿ," ಅಂದಳು.

"ಮರತಿರತಾಳ್ರಿ, ವಯಸ್ಸಾತು," ಮಡಿವಾಳೆಪ್ಪ ಅಂದರು.

ಶೈಲಶ್ರೀ ನನ್ನ ಕಡೆ ತಿರುಗಿದಳು. ತರಗತಿಯಲ್ಲಿ ನನ್ನ ಅಂಚಿನ ಉತ್ತರ ನೋಡಿಕೊಂಡು ಏಳುವ ಮೊದಲು ಹೀಗೇ ನೋಡುತ್ತಿದ್ದಳು. ಹೆದರಿಕೆ ಇಲ್ಲದ ನೋಟ. "ನಾಜು ಇದ್ಳಲ್ರಿ ಅವತ್ತು. ಆಕೀನ್ನ ಕೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ಹೌದು ಎಂದರೆ ಅಮ್ಮಿಗೆ ಬಣ್ಣ ಮರಳಿ ಸಿಗುತ್ತಿತ್ತು. ನಾನು ಒಳ್ಳೆಯ ಮಗಳಾಗಿಯೇ ಮನೆಗೆ ಹೋಗುತ್ತಿದ್ದೆ. ಹೌದು ಎನ್ನಲು ದನಿ ಬೇಕಿರಲಿಲ್ಲ, ತಲೆ ಅಲ್ಲಾಡಿಸಿದರೆ ಸಾಕಿತ್ತು.

ಎದ್ದುನಿಂತೆ.

"ಆ ಹೆಬ್ಬೆಟ್ಟು ನಂದ್ರಿ."

ಅಮ್ಮಿ ನನ್ನ ಕಡೆ ತಿರುಗಲಿಲ್ಲ. ತನ್ನ ಬಲಗೈ ಹೆಬ್ಬೆರಳನ್ನು ಠಾಣೆಯ ಮಸಿಯ ಡಬ್ಬಿಗೆ ತಾನೇ ಒತ್ತಿದಳು. ಮೇಜಿನ ಮೇಲಿದ್ದ ಖಾಲಿ ಹಾಳೆಯ ಮೇಲೆ ಹೆಬ್ಬೆರಳು ಊರಿ ತೆಗೆದಳು. ಒಂದು ನೀಲಿ ಮಚ್ಚೆ ಮೂಡಿತು. ಒಳಗೆ ಒಂದೂ ಗೆರೆ ಇಲ್ಲ. ಶಿವಗಂಗಾ ಎರಡನ್ನೂ ಬಾಜೂಬಾಜೂ ಇಟ್ಟು ನೋಡಿದರು. ಅಮ್ಮಿಯ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಶೈಲಶ್ರೀಯನ್ನು ನೋಡಿದರು. ಶೈಲಶ್ರೀ ಕಾಗದಕ್ಕೆ ಕೈ ಚಾಚಿದಳು. ಶಿವಗಂಗಾ ಅದರ ಮೇಲೆ ತಮ್ಮ ರೂಲು ಕಟ್ಟಿಗೆ ಇಟ್ಟರು.

"ತಂಗಿ, ಹಿಂಗ ಬರದುಕೊಟ್ರ ನಿನ್ನ ಮ್ಯಾಲೂ ಬರತೈತಿ. ಮುಂದ ಯಾವ ನೌಕ್ರಿಗೆ ಹೋದ್ರೂ ಕೇಳತಾರ. ಯಾಕ ಒತ್ತಿದಿ?"

"ಹೊಟ್ಟಿಕಿಚ್ಚಿಗೆ ಒತ್ತಿದ್ನಿರಿ. ನನ್ನ ಹೆಸರು ಬರತೈತಿ ಅಂತ."

ಹಾಗೆ ಬರೆಯಬೇಡ, ತಿಳಿಯದೆ ಒತ್ತಿದೆ ಎಂದು ಬರೆ, ಅದು ನಿನಗೆ ಒಳ್ಳೆಯದು ಎಂದರು ಅವರು. ಪಾಪ, ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಪೆನ್ನು ತೆಗೆದುಕೊಂಡೆ. ಪೂರ್ತಿ ಓದಿ ಒತ್ತಿದೆ ಎಂದು ಬರೆದೆ. ಶೈಲಶ್ರೀಗೂ ಗೊತ್ತಿತ್ತು ಎಂದು ಬರೆದೆ. ಫೋನು ಅರಗಿನ ಡಬ್ಬಿಯಲ್ಲಿ ನಿಂತದ್ದನ್ನು ಬರೆದೆ, ಇಲ್ಲದ ಅಕ್ಕನನ್ನು ಬರೆದೆ, ತಗಡಿನ ಚಪ್ಪರವನ್ನು ಬರೆದೆ. ಹಾಳೆಯ ಅಂಚಿನಲ್ಲಿ ಏನನ್ನೂ ಬರೆಯಲಿಲ್ಲ. ಎಲ್ಲವನ್ನೂ ನಡುವೆ ಬರೆದೆ. ಕೆಳಗೆ ನಾಜಮೀನ್ ಎಂದು ಸಹಿ ಹಾಕಿದೆ.

ಶೈಲಶ್ರೀ ಅವತ್ತು ಸಂಜೆಯೇ ವಿಡಿಯೋ ತೆಗೆದುಹಾಕಿದಳು. ಅಷ್ಟರಲ್ಲಿ ಬೇರೆಯವರು ಇಳಿಸಿಕೊಂಡು ತಮ್ಮ ಪೇಜಿನಲ್ಲಿ ಹಾಕಿದ್ದರು. ಈಗಲೂ ಎಲ್ಲೋ ಒಂದು ಬಸ್ಸಿನಲ್ಲಿ ಅಮ್ಮಿ ಮೂಗು ಒರೆಸಿಕೊಳ್ಳುತ್ತಿರಬೇಕು. ಕೇಸು ನಡೆದಿದೆ, ಅದರಲ್ಲಿ ನನ್ನ ಹೆಸರೂ ಇದೆ. ನಗುವ ವಿಡಿಯೋಕ್ಕೆ ಮಡಿವಾಳೆಪ್ಪ ಮತ್ತೊಮ್ಮೆ ಆಳು ಕಳಿಸಿದ್ದರು. ಅಮ್ಮಿ ಉಸುಕಿನ ಕಾಗದದ ಸುರುಳಿಯನ್ನು ಅವನ ಕೈಯಲ್ಲಿ ವಾಪಸ್ ಕೊಟ್ಟು ಕಳಿಸಿದಳು. ಈಗ ಕಬ್ಬಿನ ಗದ್ದೆಗೆ ಕಳೆ ಕೀಳಲು ಹೋಗುತ್ತಾಳೆ. ಅರಗಿಗೆ ಸುಡದ ಬೆರಳನ್ನು ಕಬ್ಬಿನ ಸೋಗೆ ಕೊಯ್ಯುತ್ತದೆ.

ಅಮ್ಮಿ ನನ್ನ ಜೊತೆ ಮೂರು ವಾರ ಮಾತಾಡಲಿಲ್ಲ. ರೊಟ್ಟಿ ಬಡಿದು ತಾಟಿಗೆ ಹಾಕುತ್ತಿದ್ದಳು, ಅಷ್ಟೇ. ಆ ಹನ್ನೊಂದು ದಿನದ ಕೂಸಿನ ಬಗ್ಗೆ ಕೇಳಬೇಕೆಂದು ನಾಲಿಗೆಯವರೆಗೆ ಬಂದು ನಿಲ್ಲುತ್ತಿತ್ತು. ಕೇಳಲಿಲ್ಲ. ಅದು ಅವಳದು. ಕೊಟ್ಟರೆ ಕೊಡಲಿ.

ತಿಂಗಳು ತಿರುಗಿ ರೇಷನ್ ಬಂತು. ಚೀಲ ಹಿಡಿದುಕೊಂಡು ನಾನು ಹೊರಟರೆ ಅಮ್ಮಿಯೂ ಹಿಂದೆ ಬಂದಳು. ಪಾಳಿಯಲ್ಲಿ ನನ್ನ ಮುಂದೆ ನಿಂತಳು. ಅಂಗಡಿಯ ಕನಕಪ್ಪ ಯಂತ್ರವನ್ನು ಮುಂದಿಟ್ಟ. ರೂಢಿ ಕೆಟ್ಟದ್ದು. ನನ್ನ ಕೈ ತಾನೇ ಮುಂದೆ ಹೋಯಿತು.

ಅಮ್ಮಿ ಅದನ್ನು ಹಿಡಿದು ಬದಿಗೆ ಸರಿಸಿದಳು. ತನ್ನ ಹೆಬ್ಬೆರಳು ಇಟ್ಟಳು.

ಕೆಂಪು ದೀಪ. ಮತ್ತೆ ಇಟ್ಟಳು. ಕೆಂಪು. ಹಿಂದಿನವರು ಗೊಣಗತೊಡಗಿದರು. ಯಾರೋ ಇಕೀ ಆ ವಿಡಿಯೋದಾಕಿ ಅಂದರು. ಅಮ್ಮಿ ತಿರುಗಿ ನೋಡಲಿಲ್ಲ.

"ಮಗಳದ ಕೊಡವಾ, ಜಲ್ದಿ ಆಗತೈತಿ," ಕನಕಪ್ಪ ಅಂದ.

"ನಂದ ಐತಿ," ಅಮ್ಮಿ ಅಂದಳು. "ಬರೂತನಾ ಒತ್ತತೀನಿ."

ನಾನು ಖಾಲಿ ಚೀಲ ಹಿಡಿದುಕೊಂಡು ಹಿಂದೆ ನಿಂತೆ. ಯಾವ ಕಾಗದಕ್ಕೂ ಯಾರೂ ಕದ್ದು ಒತ್ತಲಾಗದ ಆ ನುಣುಪು ಬೆರಳನ್ನು ನೋಡಿ ಮತ್ತೊಮ್ಮೆ ನನಗೆ ಹೊಟ್ಟೆಕಿಚ್ಚಾಯಿತು. ಅವತ್ತೂ ಹನ್ನೊಂದು ಸಲ ಕೆಂಪು ದೀಪವೇ ಹತ್ತಿತು. ಅಮ್ಮಿ ಹನ್ನೆರಡನೇ ಸಲ ಒತ್ತಿದಳು.